ಬಡ್ಡಿ ದರ ನನಗೆ ಗೊತ್ತಿಲ್ಲ, ಅಂಕಲ್

ಡಾಕ್ಟರನ್ನು ಕಂಡರೆ ಜನ ನಾಲಿಗೆ ಚಾಚುತ್ತಾರೆ, ಜ್ಯೋತಿಷಿಯನ್ನು ಕಂಡರೆ ಅಂಗೈ ಚಾಚುತ್ತಾರೆ. ನನ್ನನ್ನು ಕಂಡರೆ ಕಿವಿ ಚಾಚುತ್ತಾರೆ. ಹದಿನೈದು ವರ್ಷದಿಂದ ಇದೇ ಪಾಡು.

ನಾನು ಮಾಡುವುದು ಅಂಥ ಗಹನವಾದ ಕೆಲಸವೇನಲ್ಲ. ಮ್ಯಾನ್‌ಹ್ಯಾಟನ್ನಿನ ಕೆಳತುದಿಯಲ್ಲಿರುವ ಕೇಂದ್ರ ಬ್ಯಾಂಕಿನಲ್ಲಿ, ಅರ್ಥಶಾಸ್ತ್ರಜ್ಞರು ಬರೆದದ್ದನ್ನು ಮನುಷ್ಯರು ಓದುವ ಹಾಗೆ ತಿದ್ದಿ ಜನರ ಮುಂದಿಡುತ್ತೇನೆ. ದೇಶದ ಬಡ್ಡಿ ದರ ತೀರ್ಮಾನಿಸುವವರೇ ಬೇರೆ, ಅವರು ಸೇರುವ ಊರೇ ಬೇರೆ. ತೀರ್ಮಾನ ಹೊರಬೀಳುವುದು ಮಧ್ಯಾಹ್ನ ಎರಡಕ್ಕೆ. ನನಗೆ ಗೊತ್ತಾಗುವುದೂ ಎರಡಕ್ಕೇ, ಫೋನಿನಲ್ಲಿ, ಎಲ್ಲರ ಹಾಗೆ.

ಇದನ್ನು ಸಮರ್‌ಸೆಟ್‌ನ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಈ ವರ್ಷ ನಮ್ಮೆಜಮಾನರೂ ನಂಬಲಿಲ್ಲ. ಬಾಡಿಗೆ ಟೌನ್‌ಹೌಸ್ ಬಿಟ್ಟು ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ಮನೆ ಕೊಳ್ಳಲು ಹೊರಟಿದ್ದೆವು. ಸಾಲದ ಬಡ್ಡಿಯನ್ನು ಯಾವ ದಿನ ಲಾಕ್ ಮಾಡುತ್ತೇವೋ ಆ ದಿನದ ದರ ಮೂವತ್ತು ವರ್ಷ ಬೆನ್ನಿಗೆ ಅಂಟಿಕೊಳ್ಳುತ್ತದೆ. "ಹೆಂಡತಿ ಅಲ್ಲೇ ಕೂತಿರುವಾಗ ನಾನು ಜಾಸ್ತಿ ಬಡ್ಡಿ ಕಟ್ಟಿದರೆ ಜನ ಉಗೀತಾರೆ" ಎಂಬುದು ಅವರ ಒಂದೇ ಹಟ.

೧. ಕೌಂಟರ್ ಇಲ್ಲದ ಬ್ಯಾಂಕು

ಪಕ್ಕದ ಮನೆಯಲ್ಲಿ ಧಾರವಾಡದ ಅಂಕಲ್ ಇದ್ದಾರೆ. ರಿಟೈರ್ಡ್ ಎಂಜಿನಿಯರು, ಮಗಳ ಮನೆಯಲ್ಲಿ ವಾಸ. ಒಂದು ದಿನ ಇಪ್ಪತ್ತು ಡಾಲರಿನ ನೋಟೊಂದನ್ನು ಹಪ್ಪಳ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ತಂದರು.

"ತಂಗಿ, ಪ್ಯಾಂಟಿನ ಕಿಸೇದಾಗ ಉಳಿದು ವಾಷಿಂಗ್ ಮೆಷೀನಿಗೆ ಹೋಗಿತ್ತ. ನಾಳೆ ಹೆಂಗೂ ಬ್ಯಾಂಕಿಗೆ ಹೋಗ್ತೀಯಲ್ಲ, ಬದಲಿಸ್ಕೊಂಡು ಬಾರವಾ."

"ಅಂಕಲ್, ನಮ್ಮಲ್ಲಿ ಕೌಂಟರೇ ಇಲ್ಲ."

"ಸೇವಿಂಗ್ಸ್ ಖಾತೆ?"

"ಇಲ್ಲ."

"ಲಾಕರು?"

"ಜನರಿಗೆ ಕೊಡಲ್ಲ. ಸಾಲವೂ ಕೊಡಲ್ಲ."

ಅಂಕಲ್ ನೋಟನ್ನು ಮಡಿಸಿ ಕಿಸೆಗೆ ಹಾಕಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಪಗಾರನಾದ್ರೂ ಕೊಡ್ತಾರಿಲ್ಲೋ?"

೨. ಕೊಡೆ

ನಮ್ಮ ಸಂಶೋಧನಾ ವಿಭಾಗದ ಒಬ್ಬರಿಗೆ ಮೊಟ್ಟೆ ಬೆಲೆಯ ಬಗ್ಗೆ ಸಾಮಾನ್ಯರಿಗಾಗಿ ನಾಲ್ಕು ಸಾಲು ಬರೆದುಕೊಡಿ ಎಂದಿದ್ದೆ. ಹನ್ನೊಂದು ಪುಟ ಬಂತು. "ಮೊಟ್ಟೆ ತುಟ್ಟಿಯಾಗಿದೆ" ಎಂಬ ಮಾತು ಎಲ್ಲೂ ಇರಲಿಲ್ಲ. "ತುಟ್ಟಿಯಾಗಿದೆ ಎಂಬ ಅಭಿಪ್ರಾಯಕ್ಕೆ ವಿರುದ್ಧವಲ್ಲದ ಸೂಚನೆಗಳು ಕೆಲವು ಷರತ್ತುಗಳಿಗೆ ಒಳಪಟ್ಟು ಕಾಣುತ್ತಿವೆ" ಎಂದಿತ್ತು.

ಅದನ್ನೇ ಚರ್ಚಿಸುತ್ತಾ ಊಟಕ್ಕೆ ಹೊರಟೆವು. ಬಾಗಿಲಲ್ಲಿ ನಿಂತು, "ಮಳೆ ಬರಬಹುದಾ, ಕೊಡೆ ತಗೊಳ್ಳೋಣವಾ?" ಎಂದೆ.

ಅವರು ಆಕಾಶ ನೋಡಿದರು. "ಎರಡೂ ಕಡೆಗೆ ಅಪಾಯಗಳಿವೆ. ಇನ್ನಷ್ಟು ಮಾಹಿತಿ ಬರಲಿ, ಕಾದು ನೋಡೋಣ."

ನಾನು ಕೊಡೆ ತಗೊಂಡೆ, ಅವರು ಮಾಹಿತಿಗೆ ಕಾದರು. ಎರಡು ಬ್ಲಾಕ್ ದಾಟುವಷ್ಟರಲ್ಲಿ ಮಾಹಿತಿ ಧೋ ಎಂದು ಸುರಿಯಿತು. ನೆನೆದ ಬೆಕ್ಕಿನಂತೆ ನಿಂತಿದ್ದವರಿಗೆ ಕೊಡೆಯೊಳಗೆ ಬನ್ನಿ ಎಂದರೆ, ಕನ್ನಡಕದಿಂದ ನೀರು ಒರೆಸಿಕೊಳ್ಳುತ್ತಾ ಹೇಳಿದರು: "ಬೇಡ ಬೇಡ. ಇದು ತಾತ್ಕಾಲಿಕ."

೩. ಎಂಟು ಜನಕ್ಕೆ ಒಂದು ಹೋಳಿಗೆ

ಮಾರುಕಟ್ಟೆಯಲ್ಲಿ ಬಾಂಡು ಕೊಳ್ಳುವ, ಮಾರುವ ವಿಭಾಗ ನಮ್ಮ ಮೇಲಿನ ಮಹಡಿಯಲ್ಲಿದೆ. ಅಲ್ಲಿ ಒಂದು ಪದ್ಧತಿ. ಯಂತ್ರಗಳೆಲ್ಲ ಸರಿಯಾಗಿವೆಯೋ ಎಂದು ನೋಡಲು ಆಗಾಗ ಸಣ್ಣ ಮೊತ್ತದ ವ್ಯವಹಾರ ನಡೆಸುತ್ತಾರೆ. ಪ್ರಕಟಣೆಯಲ್ಲಿ ತಪ್ಪದೆ ಒಂದು ಸಾಲು: ಇದು ಪರೀಕ್ಷೆ ಮಾತ್ರ, ಇದರಿಂದ ಮುಂದಿನದನ್ನು ಯಾರೂ ಊಹಿಸಬಾರದು.

ಅಲ್ಲೊಬ್ಬಳು ಹುಡುಗಿ, ಎಡಿಸನ್ನಿನಲ್ಲೇ ಹುಟ್ಟಿ ಬೆಳೆದ ಕನ್ನಡತಿ. ಯುಗಾದಿಗೆ ನಮ್ಮನೆಗೆ ಕರೆದಾಗ ಬಹಳ ಉತ್ಸಾಹದಿಂದ, "ಆಂಟಿ, ಹೋಳಿಗೆ ನಾನು ತರ್ತೀನಿ" ಎಂದಳು. ನಾನು ನಂಬಿ ಸುಮ್ಮನಾದೆ. ಬಂದಳು. ಡಬ್ಬ ತೆರೆದರೆ ಒಂದೇ ಒಂದು ಹೋಳಿಗೆ.

"ಫಸ್ಟ್ ಟೈಮ್ ಮಾಡಿದ್ದು ಆಂಟಿ. ಇಟ್ಸ್ ಓನ್ಲಿ ಅ ಟೆಸ್ಟ್."

ಎಂಟು ಜನ ಆ ಹೋಳಿಗೆಯ ಸುತ್ತ ಕೂತು ಪಿಜ್ಜಾ ಹಂಚಿಕೊಳ್ಳುವಂತೆ ಹಂಚಿಕೊಂಡೆವು. ನಮ್ಮೆಜಮಾನರು ತಮ್ಮ ಪಾಲನ್ನು ನಾಲಿಗೆಗೆ ಅಂಟಿಸಿಕೊಂಡು, "ಪರೀಕ್ಷೆ ಪಾಸಮ್ಮ. ಬಾಕಿ ಹೋಳಿಗೆ ಯಾವಾಗ?" ಎಂದು ಕೇಳಿದರು.

ಹುಡುಗಿ ಗಂಭೀರವಾಗಿ, "ಅಂಕಲ್, ಪ್ಲೀಸ್, ಅದನ್ನ ಊಹಿಸಬಾರದು" ಎಂದಳು.

೪. ಟೊಮೆಟೊ

ಬಡ್ಡಿ ದರದ ಸಭೆಗೆ ಮುಂಚೆ ಹತ್ತು ಹನ್ನೆರಡು ದಿನ ನಮಗೆಲ್ಲ ಮೌನ. ಹೊರಗಿನವರ ಮುಂದೆ ಆರ್ಥಿಕತೆಯ ಬಗ್ಗೆ ತುಟಿ ಬಿಚ್ಚುವಂತಿಲ್ಲ. ನಾನು ಸ್ವಲ್ಪ ಹೆದರುಪುಕ್ಕಲಿ, ಜಿಡಿಪಿಯಿಂದ ಗ್ಯಾಸ್‌ವರೆಗೆ ಎಲ್ಲಕ್ಕೂ ಬಾಯಿ ಹೊಲಿದುಕೊಂಡಿರುತ್ತೇನೆ.

ಅಂಥ ಒಂದು ಶನಿವಾರ ಇಂಡಿಯನ್ ಅಂಗಡಿಯಲ್ಲಿ ಪರಿಚಯದ ಆಂಟಿಯೊಬ್ಬರು ಸಿಕ್ಕರು. "ಟೊಮೆಟೊ ಏನು ರೇಟಮ್ಮ! ಇನ್ನೂ ಏರತ್ತಾ?"

ಬೆಲೆ ಏರುವ ವಿಷಯ! ನಾನು ಗಾಬರಿಯಾಗಿ ಟೊಮೆಟೊ ಕಡೆ ನೋಡಿದೆ, ಆಂಟಿಯ ಕಡೆ ನೋಡಿದೆ, ಏನೂ ಹೇಳದೆ ಮೊಸರಿನ ಕಡೆಗೆ ನಡೆದುಬಿಟ್ಟೆ. ಆಂಟಿಗೆ ಅಷ್ಟು ಸಾಕಾಯಿತು. ಇನ್ನೆರಡು ಕವರ್ ತುಂಬಿಕೊಂಡರು. ಅವರು ತುಂಬಿಕೊಂಡಿದ್ದು ನೋಡಿ ಹಿಂದಿದ್ದವರು, ಅವರನ್ನು ನೋಡಿ ಇನ್ನೊಬ್ಬರು. ನಾನು ಮೊಸರು ಹಿಡಿದು ವಾಪಸು ಬರುವಷ್ಟರಲ್ಲಿ ಟ್ರೇ ಖಾಲಿ.

ಆ ವಾರವೆಲ್ಲ ನಮ್ಮನೆಯಲ್ಲಿ ನಿಂಬೆಹಣ್ಣಿನ ಸಾರು.

೫. ಅರ್ಧ ನಗು

ಇನ್ನು ಮನೆ ಸಾಲದ ಕಥೆ. ಸಭೆಯ ತೀರ್ಮಾನ ಬರುವುದು ಬುಧವಾರ ಎರಡಕ್ಕೆ, ಸಾಲ ಕೊಡುವವನು ಈಗಿನ ದರಕ್ಕೆ ಲಾಕ್ ಮಾಡಲು ಕೊಟ್ಟ ಗಡುವು ಅದೇ ಬುಧವಾರ ಹನ್ನೆರಡಕ್ಕೆ. ಸೋಮವಾರ ಇವರು ಕಾಫಿ ಮಾಡಿ ತಂದುಕೊಟ್ಟರು. ಮದುವೆಯಾದ ಮೇಲೆ ಎರಡನೇ ಸಲ.

"ಏನೂ ಹೇಳಬೇಡ. ಇಳಿಯೋದಾದರೆ ಒಂದು ಸಲ ಕೆಮ್ಮು, ಸಾಕು."

"ನನಗೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಸುಮ್ಮನೆ ಇವತ್ತೇ ಲಾಕ್ ಮಾಡಿ."

"ಕಟ್ಟಿಕೊಂಡ ಗಂಡನಿಗೂ ಹೇಳಲ್ವಲ್ಲ" ಎಂದು ಮುಖ ಊದಿಸಿಕೊಂಡು ಹೋದರು.

ಮಂಗಳವಾರ ನಾನು ರಜೆ ಹಾಕಿ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡೆ. ಸಂಜೆ ಪಕ್ಕದ ಮನೆಯಲ್ಲಿ ಭಜನೆ, ಹೋಗದಿದ್ದರೆ ಚೆನ್ನಾಗಿರಲ್ಲ ಎಂದು ಹೋದೆ. ಇಂಜೆಕ್ಷನ್ನಿನ ಜೋಮು ಇನ್ನೂ ಬಿಟ್ಟಿರಲಿಲ್ಲ, ಬಾಯಿಯ ಎಡಭಾಗ ನನ್ನದೇ ಅಲ್ಲ ಅನ್ನುವಂತಿತ್ತು. ಅಂಕಲ್ ಬಾಗಿಲಲ್ಲೇ ಹಿಡಿದರು.

"ಏನ್ ತಂಗಿ, ನಾಳೆ ಇಳಸ್ತಾರೋ ಇಲ್ಲೋ?"

ಮಾತಾಡಿದರೆ ಜೊಲ್ಲು ಸುರಿದೀತೆಂದು ಬರಿದೇ ನಕ್ಕೆ. ಬಲಗಡೆ ನಕ್ಕಿತು, ಎಡಗಡೆ ಕದಲಲಿಲ್ಲ. ಅಂಕಲ್ ಕಣ್ಣು ಫಳ್ಳೆಂದಿತು. ಪ್ರಸಾದವನ್ನೂ ಮರೆತು ಫೋನ್ ತೆಗೆದುಕೊಂಡು ಮೂಲೆಗೆ ಹೋದರು.

ಮರುದಿನ ಹನ್ನೆರಡೂವರೆಗೆ ಆಫೀಸಿಗೆ ಇವರ ಫೋನ್. ದನಿಯಲ್ಲಿ ಯುದ್ಧ ಗೆದ್ದ ಗತ್ತು.

"ಲಾಕ್ ಮಾಡಲಿಲ್ಲ ಕಣೇ! ಅರ್ಧ ಪರ್ಸೆಂಟ್ ಇಳಿಸ್ತಾರಂತೆ!"

"ಯಾರು ಹೇಳಿದ್ದು?"

"ನೀನು ಹೇಳದಿದ್ದರೇನು? ನಮ್ಮ ಕ್ರಿಕೆಟ್ ಗ್ರೂಪಿಗೆ ಫಾರ್ವರ್ಡ್ ಬಂದಿದೆ. ನಿಮ್ಮ ಬ್ಯಾಂಕಿನ ಒಳಗಿರೋ ಯಾರೋ ಪುಣ್ಯಾತ್ಮರೇ ಸೂಚನೆ ಕೊಟ್ಟಿದ್ದಾರೆ. ಎಲ್ಲರೂ ನಿನ್ನ ಹಾಗೆ ಕಲ್ಲುಹೃದಯದವರಲ್ಲ."

ಎರಡು ಗಂಟೆಗೆ ತೀರ್ಮಾನ ಬಂತು. ಬಡ್ಡಿ ಇದ್ದಲ್ಲೇ ಇತ್ತು. ಇಳಿಕೆಯನ್ನೇ ನಂಬಿ ಕೂತಿದ್ದ ಮಾರುಕಟ್ಟೆ ಮುನಿದು, ಮನೆ ಸಾಲದ ದರ ಮಾತ್ರ ನಾಲ್ಕು ಗಂಟೆಯೊಳಗೆ ಒಂದು ಮೆಟ್ಟಿಲು ಹತ್ತಿ ಕೂತಿತು. ಇವರು ಬೆವರುತ್ತಾ ಅದಕ್ಕೇ ಲಾಕ್ ಮಾಡಿದರು. ಮನೆ ಸಿಕ್ಕಿತು, ಅಷ್ಟೇ ಸಮಾಧಾನ.

ಸಂಜೆ ಆ ಪುಣ್ಯಾತ್ಮರು ಯಾರೆಂದು ಹುಡುಕುತ್ತಾ ಹೊರಟೆವು. ಕ್ರಿಕೆಟ್ ಗ್ರೂಪಿಗೆ ಯೋಗ ಗ್ರೂಪಿನಿಂದ, ಅದಕ್ಕೆ ಸೀನಿಯರ್ಸ್ ಗ್ರೂಪಿನಿಂದ ಬಂದಿತ್ತು. ಸೀನಿಯರ್ಸ್ ಗ್ರೂಪಿನಲ್ಲಿ ಧಾರವಾಡದ ಅಂಕಲ್ ಕೈಯಾರೆ ಬರೆದ ಮೂಲ ಪ್ರತಿ: "ಬ್ಯಾಂಕಿನವರನ್ನು ಖುದ್ದು ನೋಡಿದೆ. ಪೂರ್ತಿ ನಗಲಿಲ್ಲ. ಸರಿಯಾಗಿ ಅರ್ಧ ನಕ್ಕರು."

ಇವರು ಅದನ್ನು ಎರಡು ಸಲ ಓದಿದರು. ನನ್ನ ಬಾಯಿ ನೋಡಿದರು. ಸೋಫಾದ ಮೇಲೆ ಕೂತರು. ರೂಟ್ ಕೆನಾಲ್‌ಗೆ ಇನ್ಶೂರೆನ್ಸ್ ಇತ್ತು, ಆ ಅರ್ಧ ನಗುವಿಗೆ ಮಾತ್ರ ಮೂವತ್ತು ವರ್ಷ ನಾವೇ ಕಟ್ಟಬೇಕು.

ನಾನು ಸೀದಾ ಪಕ್ಕದ ಮನೆಗೆ ಹೋಗಿ, "ಅಂಕಲ್, ಅದು ಹಲ್ಲಿನ ಇಂಜೆಕ್ಷನ್ನು!" ಎಂದೆ.

ಅಂಕಲ್ ಒಂದು ಚೂರೂ ಅಳುಕಲಿಲ್ಲ. ಕನ್ನಡಕ ಸರಿಮಾಡಿಕೊಂಡು ನನಗೇ ಗದರಿದರು:

"ಮೊದಲಽ ಹೇಳಬೇಕೋ ಬ್ಯಾಡೋ? ಜನಕ್ಕ ತಿಳಿಯೂ ಹಂಗ ಹೇಳೂದಽ ನಿನ್ನ ಕೆಲಸ ಅಂತೀ, ಅದಕ್ಕೂ ಪಗಾರ ತಗೋತೀ!"