ಸಣ್ಣ ಪಿನ್ನಿಗೆ ತೆಂಗಿನೆಣ್ಣೆ

ವರದಿಗಾರನಾದವನು ಯಾವ ಸುದ್ದಿಗೂ ಉದ್ವೇಗಗೊಳ್ಳಬಾರದು ಎಂಬುದು ನಾನು ಈ ಕೆಲಸಕ್ಕೆ ಸೇರಿದಾಗ ಕಲಿತ ಮೊದಲ ಪಾಠ. ದೋಣಿ ಮಗುಚಲಿ, ಮಂತ್ರಿ ಬರಲಿ, ಶರಾವತಿ ಸೇತುವೆಯ ಮೇಲೆ ಲಾರಿ ಅಡ್ಡ ನಿಲ್ಲಲಿ, ಯಾರು, ಎಲ್ಲಿ, ಯಾವಾಗ, ಹೇಗೆ ಎಂದು ಕೇಳಿಕೊಂಡು, ಬರೆದು ಕಳಿಸಿ, ಊಟಕ್ಕೆ ಕೂರುವವನು ನಾನು. ‘ಭೀಕರ’ ಎಂಬ ಪದವನ್ನು ನಾನಾಗಿ ಬಳಸಿದವನಲ್ಲ. ಪತ್ರಿಕೆಯಲ್ಲಿ ಅದು ಕಾಣಿಸಿಕೊಂಡಿದ್ದರೆ ಡೆಸ್ಕಿನವರು ಸೇರಿಸಿದ್ದು. ಇಂಥ ನಾನು ಮೊಬೈಲ್ ಚಾರ್ಜರಿನ ಮಾತು ಬಂದರೆ ಮಾತ್ರ ಬೇರೆ ಮನುಷ್ಯನಾಗುತ್ತೇನೆ. ದನಿ ಏರುತ್ತದೆ, ಕೈ ತಾನಾಗಿ ಆಡುತ್ತದೆ, ವಿಶೇಷಣಗಳು ಕೇಳದೆ ಬರುತ್ತವೆ. ಭೀಕರ! ಆ ವೈರಿನ ವಿಷಯ ನಿಜಕ್ಕೂ ಭೀಕರ!

ಮೊಬೈಲು ನಮ್ಮ ಹೊನ್ನಾವರಕ್ಕೆ ಬಂದ ಹೊಸದರಲ್ಲಿ ಚಾರ್ಜರುಗಳಲ್ಲಿ ದಪ್ಪ ಪಿನ್ನು, ಸಣ್ಣ ಪಿನ್ನು ಎಂಬ ಎರಡು ಕುಲಗಳಿದ್ದವು. ನನ್ನದು ಸಣ್ಣ ಪಿನ್ನು. ಗುಬ್ಬಿಯ ಕಾಲಿನಷ್ಟು ತೆಳ್ಳಗಿನ ಆ ಕಡ್ಡಿಯ ಮೇಲೆ ಇಡೀ ತಾಲೂಕಿನ ಸುದ್ದಿ ನಿಂತಿತ್ತು. ನಮ್ಮ ಉಪ್ಪುಗಾಳಿ ಎಂಥದು ಎಂದು ಘಟ್ಟದ ಮೇಲಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅದು ಬಾಗಿಲಿನ ಚಿಲಕ ತಿಂದಿದೆ, ಸೈಕಲ್ಲಿನ ಚೈನು ತಿಂದಿದೆ, ನನ್ನ ಸ್ಕೂಟರಿನ ಹೊಟ್ಟೆಯಲ್ಲಿ ರಸ್ತೆ ಕಾಣುವಷ್ಟು ತೂತು ಮಾಡಿದೆ. ಅದಕ್ಕೆ ಈ ಪಿನ್ನು ಯಾವ ಲೆಕ್ಕ? ಅಕಸ್ಮಾತ್ ಪಿನ್ನು ಉಳಿದುಕೊಂಡರೆ ವೈರಿನ ಕುತ್ತಿಗೆ ಮುರಿಯುತ್ತಿತ್ತು. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾದ ಕಪ್ಪು ವೈರು. ಒಳಗೆ ತಂತಿ ತುಂಡಾಗಿರುತ್ತಿತ್ತು. ಆಮೇಲೆ ಅದು ಒಂದೇ ಒಂದು ಭಂಗಿಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ನಮ್ಮ ಮನೆಯ ವೈರು ಅಕ್ಕಿ ಅಳೆಯುವ ಸೇರನ್ನು ಮಗುಚಿ, ಅದರ ಮೇಲೆ ಫೋನನ್ನು ಮಲಗಿಸಿ, ವೈರನ್ನು ಒಂದು ಸುತ್ತು ಸುತ್ತಿ, ಮೇಲೆ ಅಡಕತ್ತರಿ ಹೇರಿದರೆ ಒಪ್ಪುತ್ತಿತ್ತು. ಕುಮಟಾದ ನನ್ನ ಗೆಳೆಯನೊಬ್ಬ ಫೋನನ್ನು ಗೋಡೆಯ ಫೋಟೋದ ಹಿಂದೆ ಸಿಕ್ಕಿಸುತ್ತಿದ್ದ. ಪಾಪ, ಆ ಮನೆಗೆ ಬಂದವರೆಲ್ಲ ಅವನ ಅಜ್ಜನಿಗೆ ಕರೆಂಟು ಕೊಟ್ಟಿದ್ದಾರೆಂದು ತಿಳಿಯುತ್ತಿದ್ದರು. ಚಾರ್ಜಿಗೆ ಇಟ್ಟ ಮನೆಯಲ್ಲಿ ಜನ ತೊಟ್ಟಿಲಲ್ಲಿ ಕೂಸು ಮಲಗಿದಂತೆ ಮೆಲ್ಲಗೆ ನಡೆಯುತ್ತಿದ್ದರು.

ಒಳ್ಳೆಯ ಚಾರ್ಜರು ಬೇಕೆಂದರೆ ಭಟ್ಕಳಕ್ಕೆ ಹೋಗಬೇಕು ಎಂಬುದು ನಮ್ಮ ಸುತ್ತಿನ ತಾಲೂಕುಗಳ ನಂಬಿಕೆ. ಸೆಂಟು, ಟಾರ್ಚು, ಕಂಬಳಿ, ರೇಡಿಯೋ ಎಲ್ಲ ದುಬೈಯಿಂದ ನೇರವಾಗಿ ಅಲ್ಲಿನ ಪೇಟೆಯಲ್ಲಿ ಇಳಿಯುತ್ತದೆ ಎಂಬ ಲೆಕ್ಕಾಚಾರ. ಸುದ್ದಿಗೆಂದು ಹೋದಾಗಲೆಲ್ಲ ನಾನು ಒಂದೇ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಯ ಭಾಯ್ ನನ್ನನ್ನು ಕಂಡ ಕೂಡಲೇ ನಗುತ್ತಿದ್ದರು.

“ಮತ್ತೆ ಬಂದ್ರಿ ಪೇಪರ್ ಸಾಬ್! ಎಂತ, ವೈರ್ ಹೋಯ್ತಾ?”

“ಹೋಯ್ತು ಭಾಯ್. ಹೋದ ಸಲ ನೀವು ಗಟ್ಟಿ ಮಾಲು ಅಂದಿದ್ರಿ.”

“ಗಟ್ಟಿ ಅಲ್ವಾ ಮತ್ತೆ? ದುಬೈಯಲ್ಲಿ ಇದೇ ವೈರ್ ವರ್ಷಗಟ್ಟಲೆ ಬರ್ತದೆ.”

“ಹಾಗಾದ್ರೆ ಗ್ಯಾರಂಟಿ ಕೊಡಿ.”

“ಗ್ಯಾರಂಟಿ ದುಬೈಯಲ್ಲೇ ಇರ್ತದೆ ಸಾಬ್. ಇಲ್ಲಿಗೆ ಮಾಲ್ ಮಾತ್ರ ಬರೂದು.”

ಇಷ್ಟು ಪ್ರಾಮಾಣಿಕ ಹೇಳಿಕೆಯನ್ನು ನಾನು ಯಾವ ಪತ್ರಿಕಾಗೋಷ್ಠಿಯಲ್ಲೂ ಕೇಳಿರಲಿಲ್ಲ. ಖುಷಿಯಿಂದ ಇನ್ನೊಂದು ಚಾರ್ಜರು ಕೊಂಡು ಬಸ್ಸು ಹತ್ತುತ್ತಿದ್ದೆ.

ಇನ್ನು ನಮ್ಮ ಆಯಿಯ, ಅಂದರೆ ಅಮ್ಮನ, ವಿಷಯಕ್ಕೆ ಬರುತ್ತೇನೆ. ಆಯಿ ಹುಟ್ಟಿದ್ದು ಭಟ್ಕಳ ಕಡೆಯ ಮುಟ್ಟಳ್ಳಿಯಲ್ಲಿ. ಆ ಮನೆಯ ಹೆಂಗಸರಿಗೆಲ್ಲ ಮದುವೆಯ ಹಾಡು ಬಾಯಿಪಾಠ. ಅರಿಶಿನ ಕುಟ್ಟುವುದರಿಂದ ಹಿಡಿದು ಮದುಮಗಳನ್ನು ಕಳಿಸಿಕೊಡುವ ತನಕ ಒಂದೊಂದಕ್ಕೂ ಒಂದು ಹಾಡು. ಈ ಹಾಡುಗಳಲ್ಲಿ ಒಬ್ಬರು ಮುಂದೆ ಹೇಳಬೇಕು, ಇನ್ನೊಬ್ಬರು ಅದೇ ಸಾಲನ್ನು ಹಿಂದೆ ಹೇಳಬೇಕು. ಆಯಿಯ ಅಕ್ಕ, ಅಂದರೆ ನಮ್ಮ ದೊಡ್ಡಾಯಿ, ಯಾವಾಗಲೂ ಮುಂದೆ ಹೇಳುವವಳು. ಆಯಿ ಯಾವಾಗಲೂ ಹಿಂದೆ. ಮದುವೆಯಾಗಿ ಹೊನ್ನಾವರಕ್ಕೆ ಬಂದು, ಮಕ್ಕಳಾಗಿ, ತಲೆ ನೆರೆತರೂ ಈ ಸ್ಥಾನಮಾನದಲ್ಲಿ ಬದಲಾವಣೆ ಇರಲಿಲ್ಲ. “ಅವಳಿಗೆ ಮುಂದೆ ಹೇಳೂಕೆ ಬರೂದಿಲ್ಲ, ಹಿಂದೆ ಆದ್ರೆ ಅಡ್ಡಿಲ್ಲ” ಎಂದು ದೊಡ್ಡಾಯಿ ತುಂಬಿದ ಚಪ್ಪರದಲ್ಲಿ ಹೇಳಿದ್ದನ್ನು ಆಯಿ ಮರೆತಿರಲಿಲ್ಲ.

ಹೀಗಿರುವಾಗ ರೇಡಿಯೋದಲ್ಲಿ ಭಾನುವಾರ ಬೆಳಿಗ್ಗೆ ಕೇಳುಗರಿಂದ ಹಳೆಯ ಹಾಡು ಹಾಡಿಸುವ ಕಾರ್ಯಕ್ರಮ ಶುರುವಾಯಿತು. ಆಯಿ ಯಾರಿಗೂ ಹೇಳದೆ ಒಂದು ದಿನ ನನ್ನ ಮೊಬೈಲಿನಿಂದಲೇ ಅಲ್ಲಿಗೆ ಮಾತಾಡಿಬಿಟ್ಟಿದ್ದಳು. “ಬರುವ ಭಾನುವಾರ ನಾವೇ ಕರೆ ಮಾಡುತ್ತೇವೆ, ಇದೇ ನಂಬರಿಗೆ” ಎಂದು ಅವರು ಹೇಳಿದರಂತೆ. ಮನೆಯ ದೂರವಾಣಿ, ಕಂಬದ ಪೆಟ್ಟಿಗೆಗೆ ತುಕ್ಕು ಹಿಡಿದು, ಸತ್ತಿದ್ದರಿಂದ ಬೇರೆ ನಂಬರು ಇರಲೂ ಇಲ್ಲ. ಸುದ್ದಿ ನನಗೆ ತಲುಪುವ ಮೊದಲು ಮುಟ್ಟಳ್ಳಿಗೆ ತಲುಪಿತ್ತು. ಅಲ್ಲಿಂದ ಕುಮಟಾದ ನೆಂಟರಿಗೆ, ಅಲ್ಲಿಂದ ತಿರುಗಿ ನಮ್ಮ ಪಕ್ಕದ ಮನೆಯ ನಾಗವೇಣಕ್ಕನಿಗೆ. ನಾಗವೇಣಕ್ಕ ಮೀನು ಮಾರುವವಳು. ಅವಳ ಬುಟ್ಟಿಯ ಜೊತೆ ಸುದ್ದಿ ಇಡೀ ಕೇರಿ ಸುತ್ತಿತು. ನಾನು ವರದಿಗಾರ; ನನಗೆ ತಿಳಿದದ್ದು ಕಡೆಗೆ.

“ತಮಾ, ಭಾನುವಾರ ನಿನ್ನ ಫೋನು ನಂಗೆ ಬೇಕು” ಎಂದಳು ಆಯಿ. “ಅಕ್ಕ ಕೇಳ್ತಾ ಕೂತಿರ್ತಾಳೆ. ಮಧ್ಯದಲ್ಲಿ ಫೋನು ಸತ್ರೆ, ‘ಹೆದರಿ ಬಂದ್ ಮಾಡ್ದಳು’ ಹೇಳೂದೇ ಅವಳು. ನಾ ಮತ್ತೆ ಮುಟ್ಟಳ್ಳಿಗೆ ಕಾಲು ಇಡೂದಿಲ್ಲ.”

ನಾನು ಭಟ್ಕಳಕ್ಕೆ ಹೋಗಿ ಭಾಯ್ ಹತ್ತಿರ ಹೊಚ್ಚ ಹೊಸ ಚಾರ್ಜರು ತಂದೆ. ಈ ಸಲ ಗ್ಯಾರಂಟಿಯ ಮಾತೇ ಎತ್ತಲಿಲ್ಲ. ಶನಿವಾರ ಸಂಜೆ ನೋಡಿದರೆ ಕರೆಂಟಿಲ್ಲ. ಬೆಳಿಗ್ಗೆ ಎದ್ದಾಗ ಫೋನಿನಲ್ಲಿ ಉಳಿದದ್ದು ಒಂದೇ ಕಡ್ಡಿ ಚಾರ್ಜು. ಆದರೆ ಕರೆಂಟು ಬಂದಿತ್ತು, ಹೊಸ ಚಾರ್ಜರಿತ್ತು, ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ನಾನು ನಿಶ್ಚಿಂತೆಯಿಂದ ಪಿನ್ನು ಚುಚ್ಚಿದೆ. ಏನೂ ಆಗಲಿಲ್ಲ. ತೆಗೆದು ಮತ್ತೆ ಚುಚ್ಚಿದೆ. ಪಿನ್ನು ಒಳಗೆ ಹೋಗದೆ ಯಾವುದೋ ಮೆತ್ತನೆಯ ವಸ್ತುವಿನಲ್ಲಿ ಹೂತು ನಿಂತಿತು. ಹೊರಗೆಳೆದು ನೋಡಿದರೆ ತುದಿಯಲ್ಲಿ ಬೆಣ್ಣೆಯಂತೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಮೂಸಿದೆ. ದೇವರೇ! ತೆಂಗಿನೆಣ್ಣೆ!

“ಆಯೀ!” ಎಂದು ಕೂಗಿದೆ. ನನ್ನ ಕೂಗಿಗೆ ಹಿತ್ತಲ ಕಾಗೆಗಳು ಹಾರಿದವು.

“ಎಂತಾ ಆತು ತಮಾ?”

“ಇದಕ್ಕೆ ಎಣ್ಣೆ ಹಾಕಿದವರು ಯಾರು?”

ಆಯಿ ಒಂದಿಷ್ಟೂ ಅಳುಕಲಿಲ್ಲ. “ನಾನೇ. ಹೊಸ ಪಿನ್ನಿಗೆ ತುಕ್ಕು ಹಿಡೀಬಾರದು ಅಂತ ನಿನ್ನೆ ಮಧ್ಯಾಹ್ನವೇ ಹಚ್ಚಿದ್ದೆ. ಕೋಳಿಗರಿಯಲ್ಲಿ ತೂತಿನ ಒಳಗೂ ಬಿಟ್ಟಿದ್ದೆ, ಹೊಲಿಗೆ ಮಿಷನ್ನಿಗೆ ಬಿಟ್ಟ ಹಾಗೆ.”

ನೀವು ನಗಬಹುದು. ಆದರೆ ನಮ್ಮ ಕಡೆ ಇದು ಶಾಸ್ತ್ರೋಕ್ತ ಕ್ರಮ. ಚಿಲಕಕ್ಕೆ, ಬೀಗಕ್ಕೆ, ಕತ್ತಿಗೆ, ಕೊಡೆಯ ಕಡ್ಡಿಗೆ, ಮಂಡಿನೋವಿಗೆ, ಮಗುವಿನ ನೆತ್ತಿಗೆ, ಉಪ್ಪುಗಾಳಿಯಿಂದ ಉಳಿಯಬೇಕಾದ ಎಲ್ಲದಕ್ಕೂ ತೆಂಗಿನೆಣ್ಣೆ. ಬೇಸಿಗೆಯಾಗಿದ್ದರೆ ಅದು ಹರಿದಾದರೂ ಹೋಗುತ್ತಿತ್ತು. ಇದು ಚಳಿಗಾಲ. ಬೆಳಗಿನ ಜಾವಕ್ಕೆ ಬಾಟಲಿಯ ಎಣ್ಣೆ ಕಲ್ಲಾಗುವ ಕಾಲ. ಬಾಟಲಿಯಲ್ಲಿ ಆದದ್ದು ನನ್ನ ಫೋನಿನ ತೂತಿನಲ್ಲೂ ಆಗಿತ್ತು!

ಅಷ್ಟರಲ್ಲಿ ಗೋಡೆಯಾಚೆಯಿಂದ ನಾಗವೇಣಕ್ಕ ಬಂದಳು. ನನ್ನ ಸಿಮ್ಮನ್ನು ಅವಳ ಮಗನ ಫೋನಿಗೆ ಹಾಕೋಣವೆಂದರೆ ಅದು ಸಿಮ್ಮೇ ಇಲ್ಲದ ಜಾತಿಯದು. ಚಾರ್ಜರು ದಪ್ಪ ಪಿನ್ನು. “ಬಿಸಿಲಿಗೆ ಇಡಿ ಅಣ್ಣ, ಎಣ್ಣೆ ಬಾಟ್ಲಿ ಇಡೂದಿಲ್ವಾ ಹಾಗೆ” ಎಂದಳು. ಅಂಗಳದ ಕಟ್ಟೆಯಲ್ಲಿ ಎಳೆಬಿಸಿಲು ಬಿದ್ದಿತ್ತು. ಅಲ್ಲಿ ಆಗಲೇ ಎಣ್ಣೆಯ ಬಾಟಲಿ ಕರಗಲು ಕೂತಿತ್ತು. ಅದರ ಪಕ್ಕದಲ್ಲಿ ನನ್ನ ಫೋನನ್ನೂ ಕೂರಿಸಿದೆವು. ಒಂದು ಸುದ್ದಿಯ ಹಿಂದೆಯೂ ಇಷ್ಟು ಓಡದ ನಾನು ಕಟ್ಟೆಯಿಂದ ಒಳಕ್ಕೆ, ಒಳಗಿನಿಂದ ಕಟ್ಟೆಗೆ ಓಡುತ್ತಿದ್ದೆ. ಎಣ್ಣೆ ಕರಗಿ ಹೊಳೆಯತೊಡಗಿದಾಗ ಹೆಂಡತಿ ಸುಮಿತ್ರಾ ದೇವರ ಗೂಡಿನಿಂದ ಹೂಬತ್ತಿ ತಂದು, ಅದರ ತುದಿ ಹೊಸೆದು ತೂತಿಗೆ ಇಳಿಬಿಟ್ಟಳು. ಬತ್ತಿ ತನ್ನ ಹುಟ್ಟುಗುಣದಂತೆ ಎಣ್ಣೆ ಹೀರಿತು! ಇನ್ನೊಂದು ಬತ್ತಿ, ಮತ್ತೊಂದು ಬತ್ತಿ. ಆಮೇಲೆ ಪಿನ್ನು ಚುಚ್ಚಿದೆ. ಪರದೆಯ ಮೇಲೆ ಕಡ್ಡಿಗಳು ಒಂದರ ಹಿಂದೊಂದು ಏರತೊಡಗಿದವು. “ಬಂತು!” ಎಂದು ಎಲ್ಲರೂ ಕೂಗಿದೆವು. ಕೈಬಿಟ್ಟೆ. ಪಿನ್ನು ಜಾರಿ ಹೊರಬಂತು. ಒಳಗೆ ಇನ್ನೂ ಜಿಡ್ಡಿತ್ತು; ಹಿಡಿದಿದ್ದರೆ ಮಾತ್ರ ಚಾರ್ಜು, ಬಿಟ್ಟರೆ ಇಲ್ಲ.

ಆಗಲೇ ಫೋನು ಬಡಿದುಕೊಂಡಿತು.

ಸುಮಿತ್ರಾ ನಾಗವೇಣಕ್ಕನ ಜೊತೆ ಅವಳ ಮನೆಗೆ ಓಡಿದಳು. ರೇಡಿಯೋದಲ್ಲಿ ಬರುವ ಹಾಡನ್ನು ಅಲ್ಲಿನ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡಬೇಕಿತ್ತು. ಅದರ ಗುಂಡಿಯನ್ನೂ ಒಬ್ಬರು ಒತ್ತಿ ಹಿಡಿದೇ ಇರಬೇಕು. ಆಯಿ ಕಿಟಕಿಯ ಕೆಳಗಿನ ಮಣೆಯ ಮೇಲೆ ಕೂತು ಫೋನನ್ನು ಕಿವಿಗಿಟ್ಟಳು. ಪಿನ್ನಿನ ತೂತು ಇರುವುದು ಫೋನಿನ ಬುಡದಲ್ಲಿ, ಮಾತಾಡುವ ಜಾಗದ ಪಕ್ಕದಲ್ಲೇ. ಆದ್ದರಿಂದ ನಾನು ಮೊಣಕಾಲೂರಿ, ಆಯಿಯ ಗಲ್ಲದ ಹತ್ತಿರ ಮುಖವಿಟ್ಟು, ಎರಡೂ ಕೈಯಲ್ಲಿ ಪಿನ್ನು ಒತ್ತಿ ಹಿಡಿದೆ. ಕಾರ್ಯಕ್ರಮ ನಡೆಸುವ ಹೆಣ್ಣುಮಗಳು ಊರು, ಹೆಸರು ಕೇಳಿದಳು. ಆಯಿ ಒಂದೂ ತಪ್ಪದೆ ಹೇಳಿದಳು. “ಹಾಡಿ ಅಮ್ಮಾ” ಎಂದಳು ಅವಳು.

ಆಯಿ ಕಣ್ಣು ಮುಚ್ಚಿದಳು. ಅರಿಶಿನ ಕುಟ್ಟುವ ಹಾಡು.

“ಒನಕೆಗೆ ಹೂಮಾಲೆ ಕಟ್ಟೀರೆ ತಂಗ್ಯೇರೇ...”

ಎಂಥ ದನಿ! ಅಡುಗೆಮನೆಯಲ್ಲಿ ಗುನುಗಿದ್ದನ್ನು ಮಾತ್ರ ಕೇಳಿದ್ದೆ. ಇದು ಆ ದನಿಯಲ್ಲ. ತೆರೆದ ಚಪ್ಪರದ ದನಿ, ದಡದಿಂದ ದೋಣಿಗೆ ಕೇಳುವಂಥ ದನಿ. ಸಾಲು ಮುಗಿಯಿತು. ಆಯಿ ನಿಲ್ಲಿಸಿದಳು.

ನಾನು ಕಾದೆ. ರೇಡಿಯೋದವಳು ಕಾದಳು. ಆಯಿಯೂ ಕಾಯುತ್ತಿದ್ದಳು. ಆಗ ನನಗೆ ಹೊಳೆಯಿತು. ಮುಂದೆ ಹೇಳಿದವಳು ಸಾಲು ಬಿಟ್ಟುಕೊಟ್ಟಿದ್ದಾಳೆ; ಹಿಂದೆ ಹೇಳುವವರು ಎತ್ತಿಕೊಳ್ಳಬೇಕು. ಆ ಸಾಲು ತಿರುಗಿ ಬಾರದೆ ಮುಂದಿನ ಸಾಲು ಅವಳ ಬಾಯಿಗೆ ಬರುವುದಿಲ್ಲ. ಜೀವಮಾನವಿಡೀ ಹಾಡು ಹೀಗೇ ನಡೆದದ್ದು. ಸುಮಿತ್ರಾ ಪಕ್ಕದ ಮನೆಯಲ್ಲಿ ಗುಂಡಿ ಹಿಡಿದು ನಿಂತಿದ್ದಾಳೆ. “ಹಲೋ... ಅಮ್ಮಾ, ಇದ್ದೀರಾ?” ಎಂದಿತು ಫೋನು. ಆಯಿ ಕಣ್ಣು ತೆರೆದಳು. ಮುಟ್ಟಳ್ಳಿಯಲ್ಲಿ ದೊಡ್ಡಾಯಿ ಕಿವಿ ಒಡ್ಡಿ ಕೂತದ್ದು ಆ ಕಣ್ಣಿನಲ್ಲಿ ನನಗೆ ಕಂಡಿತು. ಕೈಯಲ್ಲಿ ಪಿನ್ನು, ಬಾಯಿಯ ಮುಂದೆ ಫೋನು. ಘಟನೆಯಿಂದ ದೂರ ನಿಲ್ಲಬೇಕೆಂಬ ವೃತ್ತಿಧರ್ಮವನ್ನು ಅಕ್ಕಿಯ ಸೇರಿನ ಪಕ್ಕದಲ್ಲಿಟ್ಟು, ದನಿಯನ್ನು ಆದಷ್ಟು ಸಣ್ಣ ಮಾಡಿಕೊಂಡು ಹಾಡಿಯೇಬಿಟ್ಟೆ:

“ಒನಕೆಗೆ ಹೂಮಾಲೆ ಕಟ್ಟೀರೆ ತಂಗ್ಯೇರೇ...”

ಆಯಿಯ ಮುಖ ಅರಳಿತು. ತಡವಿಲ್ಲದೆ “ಒರಳಿಗೆ ರಂಗೋಲೆ ಬರೆದೀರೇ” ಎಂದಳು. ನಾನೂ ಒರಳಿಗೆ ರಂಗೋಲೆ ಬರೆದೆ. ಅವಳು ಹೇಳಿದಂತೆ ಮದುಮಗಳಿಗೆ ಅರಿಶಿನ ಹಚ್ಚಿದೆ, ಮುಡಿಗೆ ಅಬ್ಬಲಿಗೆ ಮುಡಿಸಿದೆ, ಅತ್ತೆಮನೆಯ ಹೊಳೆ ದಾಟಿಸಿದೆ. ಇರುವೆಯೊಂದು ಮೊಣಕಾಲು ಹತ್ತಿ ಕಚ್ಚಿತು. ಪಿನ್ನು ಅಲುಗಲಿಲ್ಲ, ಶ್ರುತಿಯ ಬಗ್ಗೆ ಹಾಗೆ ಹೇಳಲಾರೆ. ಹಾಡು ಕಡೆಯ ಸಾಲಿನ ತನಕ ಮುಟ್ಟಿತು. “ಅದ್ಭುತ!” ಎಂದಳು ರೇಡಿಯೋದವಳು. “ಹೊನ್ನಾವರದ ಈ ಅಮ್ಮನಿಗೂ, ಅವರ ಹಿಂದೆ ದನಿಗೂಡಿಸಿದ ಆ ಹಿರಿಯ ತಾಯಿಯವರಿಗೂ ನಮಸ್ಕಾರಗಳು!”

ಆಮೇಲೆ ಫೋನು ಸತ್ತರೂ ಚಿಂತೆ ಇರಲಿಲ್ಲ. ಅದು ಸಾಯಲಿಲ್ಲ. ನಾನು ಮೊಣಕಾಲು ಉಜ್ಜಿಕೊಳ್ಳುತ್ತಿರುವಾಗಲೇ ಮುಟ್ಟಳ್ಳಿಯ ಅಂಗಡಿಯೊಂದರಿಂದ ದೊಡ್ಡಾಯಿಯ ಕರೆ ಬಂತು. ನಾನು ಮತ್ತೆ ಪಿನ್ನು ಹಿಡಿದೆ. ಮಾತು ನನಗೂ ಕೇಳುತ್ತಿತ್ತು.

“ಮುಂದೆ ಹೇಳಿದ್ದು ಅಡ್ಡಿಲ್ಲ ಕಣೇ” ಎಂದಳು ದೊಡ್ಡಾಯಿ.

ನಮ್ಮ ಕಡೆ ‘ಅಡ್ಡಿಲ್ಲ’ ಎಂಬುದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಆದ್ರೆ ಹಿಂದೆ ಹೇಳಿದವಳು ಯಾರೇ? ದನಿ ಸ್ವಲ್ಪ ಒಡಕು. ಶೀತ ಆಗಿತ್ತನಾ ಅವಳಿಗೆ?”

ಆಯಿ ನನ್ನ ಮುಖ ನೋಡಿದಳು. ಮಗನ ಮರ್ಯಾದೆ ಉಳಿಸುವ ಹೊಣೆ ತನ್ನದೆಂದು ಅವಳಿಗೆ ಅನ್ನಿಸಿರಬೇಕು. “ಹೌದೇ ಅಕ್ಕಾ. ಪಕ್ಕದ ಮನೆಯವಳು, ವಯಸ್ಸಾತು ಪಾಪ” ಎಂದುಬಿಟ್ಟಳು.

ನಾನು ಪಿನ್ನು ಹಿಡಿದೇ ಇದ್ದೆ. ಇಷ್ಟು ಕಾಲ ಬರೆದ ಸುದ್ದಿಗಳೆಲ್ಲ ‘ನಮ್ಮ ವರದಿಗಾರರಿಂದ’ ಎಂದೇ ಅಚ್ಚಾಗಿವೆ. ಹೆಸರು ಬರಲಿಲ್ಲವೆಂದು ನಾನು ಎಂದೂ ಕೊರಗಿದವನಲ್ಲ. ಆದರೆ ತಪ್ಪು ಮಾಹಿತಿ ಹಾಗೇ ಉಳಿಯಲು ಬಿಡುವುದು ನನ್ನ ವೃತ್ತಿಗೆ ಒಗ್ಗುವುದಿಲ್ಲ. ಪತ್ರಿಕೆಗಳಲ್ಲಿ ತಿದ್ದುಪಡಿಯನ್ನು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಯಾರೂ ಓದದ ಜಾಗದಲ್ಲಿ ಹಾಕುವುದು ರೂಢಿ. ಅದರಂತೆ ಇಲ್ಲೂ ಹಾಕುತ್ತಿದ್ದೇನೆ. ತಿದ್ದುಪಡಿ: ಆ ಭಾನುವಾರದ ಹಾಡಿನಲ್ಲಿ ಹಿಂದೆ ದನಿಗೂಡಿಸಿದ ಹಿರಿಯ ತಾಯಿ, ನಮ್ಮ ಹೊನ್ನಾವರ ವರದಿಗಾರರು. ಅವರಿಗೆ ಶೀತ ಆಗಿರಲಿಲ್ಲ.