ಹೊರಡಲಿರುವವರ ಬೆಂಚು

ಇಪ್ಪತ್ತಾರು ವರ್ಷಗಳಿಂದ ಫೋಟೋದವರು ಊರಿನ ಜನಕ್ಕೆ ಒಂದೇ ಮಾತು ಹೇಳುತ್ತ ಬಂದಿದ್ದರು: "ನಗಬೇಡಿ." ಪಾಸ್‌ಪೋರ್ಟಿನ ಫೋಟೋದಲ್ಲಿ ನಗಬಾರದೆಂಬುದು ಸರ್ಕಾರದ ನಿಯಮವೇ ಹೊರತು ಅವರದಲ್ಲ. ಆದರೂ ಆ ಅಪವಾದ ಅವರ ತಲೆಗೇ ಸುತ್ತಿಕೊಂಡು, ಬೀದಿಯವರೆಲ್ಲ ಬೆನ್ನ ಹಿಂದೆ ಅವರನ್ನು 'ನಗಬೇಡಿ' ಎಂದೇ ಕರೆಯುತ್ತಿದ್ದರು. (ಎದುರಿಗೆ ಏನೆಂದೂ ಕರೆಯುತ್ತಿರಲಿಲ್ಲ. ಕರೆಯುವ ಸಂದರ್ಭವೇ ಬರುತ್ತಿರಲಿಲ್ಲವಲ್ಲ.)

ಜನ ಬರುತ್ತಿದ್ದರು. ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತು, ಗಲ್ಲ ಇಳಿಸಿ, ಕಿವಿ ಕಾಣುವ ಹಾಗೆ ಕೂದಲು ಸರಿಸಿ, ಎಂಟು ಪ್ರತಿ ಕಿಸೆಗೆ ಹಾಕಿಕೊಂಡು ಸಮುದ್ರ ದಾಟಿ ಹೋಗಿಬಿಡುತ್ತಿದ್ದರು. ಒಟ್ಟು ನಾಲ್ಕು ನಿಮಿಷದ ಸಂಬಂಧ. ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಫೋಟೋದವರು ದೇಶ ಸುತ್ತಿರಲಿಲ್ಲ, ಕೋಶ ಓದುವ ಅಭ್ಯಾಸವೂ ಇರಲಿಲ್ಲ. ಸುತ್ತುವವರ ಮುಖ ಮಾತ್ರ ಓದಿದ್ದರು, ಅದೂ ನಗುವನ್ನು ಕಳೆದು.

ಅವರು ಮದುವೆಯಾಗಿರಲಿಲ್ಲ. ಬೇರೆಯವರ ಮದುವೆಗಳ ಫೋಟೋ ತೆಗೆದೇ ಸಾಕಾಗಿತ್ತೆಂದು ಹೇಳಿಕೊಳ್ಳುತ್ತಿದ್ದರು. ಸ್ಟುಡಿಯೋದ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅವರು ಮತ್ತು ಅವರ ಅಕ್ಕ. ಅಕ್ಕ ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಮೊಹರು ಒತ್ತಿ ನಿವೃತ್ತಳಾದವಳು. ಭಾವ ತೀರಿಕೊಂಡ ಮೇಲೆ, ಹನ್ನೊಂದು ವರ್ಷದ ಹಿಂದೆ, ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದಿದ್ದಳು. ಮೊದಲ ವರ್ಷ ಇಬ್ಬರೂ ಜಗಳವಾಡಿದರು. ಆಮೇಲೆ ಜಗಳದ ವಿಷಯಗಳೆಲ್ಲ ಖರ್ಚಾಗಿ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸುವುದು ಶುರುವಾಯಿತು. 'ಹಾಲು ಕಾಯಿಸಿದೆ.' 'ಗ್ಯಾಸ್ ಬಂದಿದೆ.' ಹೀಗೆ ಇಬ್ಬರ ನಡುವೆ ಅಂಚೆ ವ್ಯವಹಾರ ಚೆನ್ನಾಗಿಯೇ ನಡೆದಿತ್ತು.

ಒಂದು ಸೋಮವಾರ ಔಷಧಿ ಅಂಗಡಿಯವರು ಪಾಸ್‌ಪೋರ್ಟ್ ನವೀಕರಣಕ್ಕೆ ಫೋಟೋ ತೆಗೆಸಿಕೊಳ್ಳಲು ಬಂದರು. ಅವರು ಯಾವುದೋ ಔಷಧಿ ಕಂಪನಿಯ ತಂಡದ ಜೊತೆ ಎಂಟು ದಿನ ವಿದೇಶಕ್ಕೆ ಹೋಗಿ ಬಂದವರು. ಆ ಎಂಟು ದಿನವನ್ನು ಒಂಬತ್ತು ವರ್ಷದಿಂದ ಮಾತಿಗೆ ಬಳಸುತ್ತಿದ್ದವರು. ಫೋಟೋ ತಗೊಂಡು ಬಾಗಿಲಿಗೆ ಕೈ ಹಾಕಿ, ಏನಾದರೂ ಅನ್ನಬೇಕಲ್ಲ ಎಂದು, ನೀವು ಎಲ್ಲಿಗೂ ಹೋಗೋದಿಲ್ವಾ ಎಂದು ಕೇಳಿದರು.

"ಹೋಗ್ಬೇಕು ಅಂತಿದೀನಿ," ಎಂದುಬಿಟ್ಟರು ಫೋಟೋದವರು. "ಮೊದಲನೇ ಸಲ. ಏನೂ ಗೊತ್ತಿಲ್ಲ ನೋಡಿ."

ಹಾಗೇಕೆ ಅಂದರೋ ಅವರಿಗೇ ತಿಳಿಯಲಿಲ್ಲ. ಅವರಿಗೆ ಪಕ್ಕದ ಊರಿಗೆ ಹೋಗುವ ಯೋಚನೆಯೂ ಇರಲಿಲ್ಲ. ಆದರೆ ಆ 'ಏನೂ ಗೊತ್ತಿಲ್ಲ' ಎಂಬ ಮಾತು ಕೇಳುತ್ತಲೇ ಔಷಧಿ ಅಂಗಡಿಯವರ ಕೈ ಬಾಗಿಲಿನಿಂದ ತಾನಾಗಿ ಸರಿಯಿತು. ಅವರು ವಾಪಸು ಬಂದು ಸ್ಟೂಲಿನ ಮೇಲೆ ಕೂತರು. ಕಾಲುಚೀಲಗಳನ್ನು ಸುರುಳಿ ಸುತ್ತಿ ಶೂ ಒಳಗೆ ತುಂಬಿದರೆ ಪೆಟ್ಟಿಗೆಯಲ್ಲಿ ಎಷ್ಟು ಜಾಗ ಉಳಿಯುತ್ತದೆ ಎಂಬ ಒಂದೇ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಿದರು. ಫೋಟೋದವರು ಅವರಿಗೆ ಚಹಾ ಮಾಡಿಕೊಟ್ಟರು. ಆ ಸ್ಟುಡಿಯೋದಲ್ಲಿ ಒಬ್ಬ ಮನುಷ್ಯ ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಅವರು ಹೋದ ಮೇಲೂ ಸ್ಟೂಲು ಸ್ವಲ್ಪ ಹೊತ್ತು ಬೆಚ್ಚಗಿತ್ತು. ಫೋಟೋದವರು ಅದನ್ನು ಮುಟ್ಟಿ ನೋಡಿದರು. ಮನುಷ್ಯನಿಗೆ ಸಹಾಯ ಮಾಡುವುದು ಕಷ್ಟ, ಸಾಲ ಕೊಡುವುದು ಇನ್ನೂ ಕಷ್ಟ, ಆದರೆ ಸಲಹೆ ಕೊಡದೆ ಇರುವುದು ಮಾತ್ರ ಅಸಾಧ್ಯ ಎಂಬ ಸತ್ಯ ಅವರಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಸಾಕ್ಷಾತ್ಕಾರವಾಯಿತು.

ಸುದ್ದಿ ಹರಡಲು ಎರಡು ದಿನವೂ ಬೇಕಾಗಲಿಲ್ಲ. ಬುಧವಾರ ನಿವೃತ್ತ ಹೆಡ್‌ಮಿಸ್ಟ್ರೆಸ್ ಬಂದರು. ಇಡೀ ಬೀದಿಗೆ ಅವರು ದೊಡ್ಡ ಟೀಚರು. ಔಷಧಿ ಅಂಗಡಿಯವರ ಮಾತು ನಂಬಿದರೆ ಕೆಟ್ಟಿರಿ ಎಂದು ಅವರ ಮೊದಲ ವಾಕ್ಯ. ಶುಕ್ರವಾರ ಹಲ್ಲಿನ ಡಾಕ್ಟರು ಬಂದು, ಇಬ್ಬರ ಮಾತೂ ನಂಬಬೇಡಿ ಎಂದರು. ಪೆಟ್ಟಿಗೆಗೆ ಕೆಂಪು ರಿಬ್ಬನ್ ಕಟ್ಟಿ, ಗುರುತು ಸಿಗುತ್ತದೆ ಎಂದು ಒಬ್ಬರು. ಕಟ್ಟಿದರೆ ಕಳ್ಳನಿಗೂ ಗುರುತು ಸಿಗುತ್ತದೆ ಎಂದು ಇನ್ನೊಬ್ಬರು. ಕಿಟಕಿ ಪಕ್ಕ ಕೂತರೆ ಬೆಟ್ಟ ಕಾಣುತ್ತದೆ. ಕಿಟಕಿ ಪಕ್ಕ ಕೂತರೆ ಶೌಚಕ್ಕೆ ಏಳುವಾಗ ಇಬ್ಬರ ತೊಡೆ ದಾಟಬೇಕಾಗುತ್ತದೆ. ಮಡಚುವ ಚೊಂಬು ಒಂದಿರಲಿ ಎಂದು ಮೂವರೂ, ಬೇರೆ ಬೇರೆ ದಿನ, ದನಿ ತಗ್ಗಿಸಿ ಹೇಳಿದರು. ಅವರು ಒಮ್ಮತಕ್ಕೆ ಬಂದ ವಿಷಯ ಅದೊಂದೇ.

ಸ್ಟೂಲು ಸಾಲದೆ ಫೋಟೋದವರು ಬೆಂಚು ತಂದರು. ವಿದ್ಯುತ್ ಕೆಟಲ್ ತಂದರು. ಗೋಡೆಗೆ ಜಗತ್ತಿನ ನಕ್ಷೆ, ಕೈಯಲ್ಲಿ ದಪ್ಪ ನೋಟುಪುಸ್ತಕ. ಹೋಗುವ ದೇಶ ಮಾತ್ರ ಬೆಂಚಿನ ಮೇಲೆ ಯಾರು ಕೂತಿದ್ದಾರೆ ಎಂಬುದರ ಮೇಲೆ ನಿಂತಿತ್ತು. ಔಷಧಿ ಅಂಗಡಿಯವರ ಮುಂದೆ ಹಿಮದ ಬೆಟ್ಟಗಳಿಗೆ ಹೊರಟಿರುತ್ತಿದ್ದರು. ದೊಡ್ಡ ಟೀಚರು ಬಂದರೆ ಹಳೆಯ ಅರಮನೆಗಳಿಗೆ. ಹಲ್ಲಿನ ಡಾಕ್ಟರಿಗೆ ಸಮುದ್ರ ಎಂದರೆ ಪ್ರಾಣವಾದ್ದರಿಂದ ಅವರ ಹೆಜ್ಜೆ ಸಪ್ಪಳ ಕೇಳುತ್ತಲೇ ನಕ್ಷೆಯ ಗುಂಡುಪಿನ್ನು ಕಿತ್ತು ದ್ವೀಪಕ್ಕೆ ಚುಚ್ಚುತ್ತಿದ್ದರು. ಮೂವರೂ ಒಟ್ಟಿಗೆ ಬಂದ ದಿನ ಪಿನ್ನು ಅವರ ಬಾಯಲ್ಲೇ ಇತ್ತು.

ಅಕ್ಕ ಇದನ್ನೆಲ್ಲ ಮೆಟ್ಟಿಲಿನ ಮೇಲಿಂದ ನೋಡುತ್ತಿದ್ದಳು. ಒಂದು ದಿನ ಚೀಟಿ ಅಂಟಿಸುವ ಬದಲು ಖುದ್ದಾಗಿ ಬಾಯಿ ಬಿಟ್ಟಳು.

"ಚಹಾಪುಡಿ ವಾರಕ್ಕೆ ಕಾಲು ಕೇಜಿ ಹೋಗ್ತಿದೆ. ನೀನು ಯಾವಾಗ ಹೋಗ್ತೀಯ?"

"ಇನ್ನೂ ಮಾಹಿತಿ ಸಂಗ್ರಹದ ಹಂತದಲ್ಲಿದೀನಿ, ಅಕ್ಕ."

"ಹೀಗೆ ಸಂಗ್ರಹ ಮಾಡ್ತಿದ್ರೆ ಆ ದೇಶಗಳೇ ಬೇಜಾರಾಗಿ ಇಲ್ಲಿಗೆ ಬಂದುಬಿಡ್ತವೆ."

ನಿಜ ಹೇಳಬೇಕೆಂದರೆ ಫೋಟೋದವರಿಗೆ ಯಾವ ದೇಶವೂ ಬೇಕಿರಲಿಲ್ಲ. ಬೇಕಿದ್ದದ್ದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಬರುವ ಒಂದು ಮುಖ, ಫೋಟೋ ಬೇಡದ ಒಂದು ಮುಖ. ಅದನ್ನು ಅಕ್ಕನ ಹತ್ತಿರ ಹೇಳಿಕೊಳ್ಳಲು ನಾಚಿಕೆಯಾಗಿ ಅವರು ಕೆಟಲ್ ತೊಳೆಯತೊಡಗಿದರು.

ಆದರೆ ಸಲಹೆ ಕೊಡುವವನಿಗೂ ಒಂದು ತಾಳ್ಮೆಯ ಮಿತಿ ಇರುತ್ತದೆ. ನಾಲ್ಕು ತಿಂಗಳಾದ ಮೇಲೆ ಬೆಂಚಿನ ಮೇಲೆ ಕೂರುವ ಮೊದಲೇ "ಟಿಕೆಟ್ ಆಯ್ತಾ?" ಎಂಬ ಪ್ರಶ್ನೆ ಏಳತೊಡಗಿತು. ಐದನೆಯ ತಿಂಗಳು ಹಲ್ಲಿನ ಡಾಕ್ಟರು ಬರುವುದನ್ನು ನಿಲ್ಲಿಸಿದರು. ದೊಡ್ಡ ಟೀಚರು ಕಿಟಕಿಯಿಂದಲೇ ಇಣುಕಿ, ಆಗಿಲ್ಲವೆಂದು ತಿಳಿದು, ನಡೆದುಬಿಡುತ್ತಿದ್ದರು. ಕೊನೆಗೆ ಔಷಧಿ ಅಂಗಡಿಯವರೂ ನೀವು ಹೋಗುವವರಲ್ಲ ಬಿಡಿ ಎಂದು ಅರ್ಧ ಕಪ್ಪು ಚಹಾ ಹಾಗೇ ಬಿಟ್ಟು ಎದ್ದರು. ಒಂದು ವಾರ ಬೆಂಚು ಖಾಲಿ ಬಿದ್ದಿತು. ಮೊದಲು ಯಾರೂ ಬರದಿದ್ದ ವರ್ಷಗಳನ್ನು ಹೇಗೋ ಕಳೆದಿದ್ದ ಫೋಟೋದವರಿಗೆ ಆ ಒಂದು ವಾರ ಕಳೆಯಲಾಗಲಿಲ್ಲ. ಶನಿವಾರ ಹೋಗಿ ಟಿಕೆಟ್ ತಂದರು.

ಹಿಮದ ಬೆಟ್ಟದ ದೇಶಕ್ಕೆ, ಹನ್ನೊಂದು ದಿನ. ಅಕ್ಕ ಟಿಕೆಟನ್ನು ಅಂಚೆಯವರ ಕಣ್ಣಿನಿಂದ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಒಂದೇನಾ?"

"ನೀನು ಬರ್ತೀನಿ ಅಂತ ಹೇಳ್ಲಿಲ್ಲವಲ್ಲ."

"ನೀನು ಕೇಳ್ಲಿಲ್ಲವಲ್ಲ."

"ನಿನಗೆ ಮಂಡಿನೋವು."

"ಮಂಡಿನೋವು ಮೆಟ್ಟಿಲಿಗೆ. ವಿಮಾನದಲ್ಲಿ ಕೂತ್ಕೊಂಡು ತಾನೇ ಹೋಗೋದು," ಎಂದು ಅಕ್ಕ ಟಿಕೆಟ್ ಹಿಂದಕ್ಕೆ ಕೊಟ್ಟಳು. "ಇರಲಿ ಬಿಡು, ಅಂಗಡಿಗೂ ಒಬ್ಬರು ಬೇಕು." ಆಮೇಲೆ ಆ ವಿಷಯ ಎತ್ತಲಿಲ್ಲ. ಫೋಟೋದವರು ಏನೋ ಹೇಳಹೊರಟರು, ಆದರೆ ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಟೀಚರು ಕಂಡರು.

ವೀಸಾಕ್ಕೆ ಫೋಟೋ ಬೇಕಾಯಿತು. ಊರಿಗೆಲ್ಲ ಫೋಟೋ ತೆಗೆದವರ ಫೋಟೋ ತೆಗೆಯಲು ಯಾರೂ ಇರಲಿಲ್ಲ. ಕ್ಯಾಮೆರಾಕ್ಕೆ ಟೈಮರ್ ಇಟ್ಟು, ಓಡಿ ಬಂದು ಸ್ಟೂಲಿನ ಮೇಲೆ ಕೂತು, ಮೂವತ್ತೊಂದು ಸಲ ಪ್ರಯತ್ನಿಸಿದರು. ಬೆಳಕು ಸರಿ, ಕಿವಿ ಸರಿ, ಗಲ್ಲ ಸರಿ. ಕಣ್ಣು ಮಾತ್ರ ಪ್ರತಿ ಸಲವೂ ಕ್ಯಾಮೆರಾದ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿತ್ತು. ಬೇರೆಯವರದಾಗಿದ್ದರೆ ಅವರೇ ಅದನ್ನು ತಿರಸ್ಕರಿಸುತ್ತಿದ್ದರು. ಕೊನೆಗೆ ಅಕ್ಕನನ್ನು ಕರೆದು ಗುಂಡಿ ಒತ್ತಲು ಹೇಳಿದರು. ಮೂವತ್ತು ವರ್ಷ ಮೊಹರು ಒತ್ತಿದ ಕೈ. ಧಡಾರನೆ ಒತ್ತಿದಳು, ಕ್ಯಾಮೆರಾ ಸ್ಟ್ಯಾಂಡಿನ ಸಮೇತ ಅರ್ಧ ಅಡಿ ಹಿಂದಕ್ಕೆ ಹೋಯಿತು. ಇಬ್ಬರಿಗೂ ನಗು ಬಂತು. ಎಷ್ಟೋ ವರ್ಷಗಳ ಮೇಲೆ ಒಟ್ಟಿಗೆ ನಕ್ಕಿದ್ದರಿಂದ ಅದನ್ನು ನಿಲ್ಲಿಸುವುದು ಹೇಗೆಂದು ಇಬ್ಬರಿಗೂ ತಿಳಿಯದೆ, ಗಂಭೀರ ಮುಖದ ಒಂದು ಫೋಟೋ ಸಿಗಬೇಕಾದರೆ ಮಧ್ಯಾಹ್ನವಾಯಿತು.

ಪ್ರವಾಸದ ವಿಚಾರ ಹೆಚ್ಚು ಹೇಳುವಂತಿಲ್ಲ. ಸಲಹೆಗಳನ್ನೆಲ್ಲ ಅವರು ಚಾಚೂ ತಪ್ಪದೆ ಪಾಲಿಸಿದರು. ಪೆಟ್ಟಿಗೆಗೆ ಕೆಂಪು ರಿಬ್ಬನ್ ಕಟ್ಟಿದ್ದರು. ನಿಲ್ದಾಣದಲ್ಲಿ ಅಂಥ ಆರು ಪೆಟ್ಟಿಗೆ ಒಂದರ ಹಿಂದೆ ಒಂದು ಬಂದವು. ಕಿಟಕಿ ಪಕ್ಕ ಕೂತರು. ಬೆಟ್ಟ ಆ ಕಡೆಯ ಕಿಟಕಿಯವರಿಗೆ ಕಂಡಿತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಈ ಬೆಟ್ಟ ಹತ್ತಿರದಿಂದಲೂ ನುಣ್ಣಗೇ ಇತ್ತು, ಅದೇ ತೊಂದರೆ. ಅಷ್ಟು ಚೆಂದದ್ದನ್ನು ನೋಡಿ ಪಕ್ಕಕ್ಕೆ ತಿರುಗಿದರೆ, ನೋಡಿದಿರಾ ಎಂದು ಹೇಳಲು ಒಂದು ನರಪಿಳ್ಳೆಯಿಲ್ಲ. ಆರನೆಯ ದಿನ ಒಂದು ಕೆರೆಯ ದಂಡೆಯಲ್ಲಿ ಯಾರೋ ಗಂಡ ಹೆಂಡತಿ ತಮ್ಮ ಫೋನು ಇವರ ಕೈಗಿತ್ತು ಫೋಟೋ ತೆಗೆಯಲು ಸನ್ನೆ ಮಾಡಿದರು. ಫೋಟೋದವರು ಸನ್ನೆಯಲ್ಲೇ ಅವರ ಗಲ್ಲ ಇಳಿಸಿ, ಬೆಳಕಿನ ಕಡೆ ತಿರುಗಿಸಿ, ಬೇಕೆಂದೇ ನಿಧಾನ ಮಾಡಿದರು. ಗಂಡ ಹೆಂಡತಿ ಫೋನು ತಗೊಂಡು, ತಲೆ ಬಾಗಿಸಿ, ಹೊರಟುಹೋದರು. ಅಲ್ಲೂ ನಾಲ್ಕೇ ನಿಮಿಷ. ಫೋಟೋದವರಿಗೆ ಬೀದಿಯ ನೆನಪಾಯಿತು.

ಒಂದೇ ಸಮಾಧಾನವೆಂದರೆ ಹಿಂತಿರುಗಿದ ಮೇಲಿನ ಬೆಂಚು. ಒಂಬೈನೂರು ಫೋಟೋ ತೆಗೆದಿದ್ದರು. ವಿಮಾನದಲ್ಲಿ ಬರುವಾಗ ಅದರಲ್ಲಿ ಇನ್ನೂರು ಆರಿಸಿ, ಯಾವ ಫೋಟೋ ತೋರಿಸುವಾಗ ಯಾವ ಮಾತು ಹೇಳಬೇಕು, ಎಲ್ಲಿ ಸ್ವಲ್ಪ ತಡೆದು ಚಹಾ ಗುಟುಕರಿಸಬೇಕು ಎಂಬುದನ್ನೆಲ್ಲ ತಯಾರು ಮಾಡಿಕೊಂಡರು. ಔಷಧಿ ಅಂಗಡಿಯವರು ಎಂಟು ದಿನವನ್ನು ಒಂಬತ್ತು ವರ್ಷ ಬಳಸಿದ್ದರೆ, ಹನ್ನೊಂದು ದಿನ ತಮ್ಮ ಜೀವಮಾನಕ್ಕೆ ಸಾಕು ಎಂದುಕೊಂಡರು.

ಬೆಳಿಗ್ಗೆ ಹನ್ನೊಂದಕ್ಕೆ ಪೆಟ್ಟಿಗೆ ಎಳೆದುಕೊಂಡು ಬಂದು ಸ್ಟುಡಿಯೋದ ಬಾಗಿಲು ತಳ್ಳಿದರೆ, ಬೆಂಚು ತುಂಬಿತ್ತು. ಔಷಧಿ ಅಂಗಡಿಯವರು, ದೊಡ್ಡ ಟೀಚರು, ಹಲ್ಲಿನ ಡಾಕ್ಟರು. ಸಾಲದ್ದಕ್ಕೆ ಫೋಟೋದವರು ಹಿಂದೆಂದೂ ಕಾಣದ ಇಬ್ಬರು. ನಡುವೆ ಅಕ್ಕ. ಮಂಡಿಯ ಮೇಲೆ ಹೊಸ ನೋಟುಪುಸ್ತಕ.

"ನನಗೆಲ್ಲಿ ತಿಳೀಬೇಕು ಇದೆಲ್ಲ, ನೀವೇ ಹೇಳ್ಬೇಕು," ಎನ್ನುತ್ತಿದ್ದಳು. ಮೂವತ್ತು ವರ್ಷ ಜಗತ್ತಿನ ಎಲ್ಲ ದೇಶಗಳ ಕಾಗದ ವಿಂಗಡಿಸಿದವಳು.

ಫೋಟೋದವರು ಬಂದದ್ದನ್ನು ಎಲ್ಲರೂ ನೋಡಿ, ಬಂದಿರಾ ಎಂದರು. ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ಔಷಧಿ ಅಂಗಡಿಯವರು ಹಿಮದ ದೇಶದಲ್ಲಿ ರೈಲು ಹಿಡಿಯುವ ಬಗ್ಗೆ ಅಕ್ಕನಿಗೆ ಹೇಳುತ್ತಿದ್ದದ್ದು ಪೂರ್ತಿ ತಪ್ಪಿತ್ತು. ಫೋಟೋದವರು ತಡೆಯಲಾರದೆ, ಅಲ್ಲಿ ಹಾಗಿಲ್ಲ, ನಾನು ಈಗ ಅಲ್ಲಿಂದಲೇ ಬರುತ್ತಿದ್ದೇನೆ ಎಂದರು. ಬೆಂಚಿನ ಮೇಲಿನ ಐದು ಮುಖಗಳೂ ಪಾಸ್‌ಪೋರ್ಟಿಗೆ ಲಾಯಕ್ಕಾದವು.

"ನಿಮ್ಮದು ಒಂದೇ ಸಲದ ಅನುಭವ," ಎಂದರು ದೊಡ್ಡ ಟೀಚರು, ದಡ್ಡ ವಿದ್ಯಾರ್ಥಿಗೆ ಹೇಳುವಷ್ಟು ಮೆತ್ತಗೆ. "ಸುಸ್ತಾಗಿರ್ತೀರಿ, ಒಳಗೆ ಹೋಗಿ. ಹೋಗ್ತಾ ಹಾಗೇ ಚಹಾಕ್ಕೆ ನೀರಿಡಿ."

ಫೋಟೋದವರು ನೀರಿಟ್ಟರು. ಒಂದು ಗಂಟೆಯ ಮೇಲೆ ಬೆಂಚು ಖಾಲಿಯಾಯಿತು. ಅವರು ಪೆಟ್ಟಿಗೆಯ ಮೇಲೇ ಕೂತು, ಅಕ್ಕ ಕಪ್ಪುಗಳನ್ನು ಒಟ್ಟು ಮಾಡುವುದನ್ನು ನೋಡುತ್ತಿದ್ದರು. ಅಳು ಬರುವಷ್ಟು ಸಿಟ್ಟು ಬಂದಿತ್ತು.

"ನಿಜವಾಗ್ಲೂ ಹೋಗ್ತೀಯಾ?" ಎಂದರು.

"ನಾನ್ಯಾಕೆ ಹೋಗ್ಲಿ?" ಎಂದಳು ಅಕ್ಕ. "ನೀನು ಎಲ್ಲ ಸರಿಯಾಗೇ ಮಾಡಿದ್ದೆ ಕಣೋ. ಬೆಂಚು, ಚಹಾ, ನಕ್ಷೆ. ತಪ್ಪು ಮಾಡಿದ್ದು ಒಂದೇ. ಹೋಗಿಬಿಟ್ಟೆ."

ಅವಳಿಗೆ ಎಲ್ಲ ಗೊತ್ತಿತ್ತು, ಮೊದಲಿನಿಂದಲೂ. ಹನ್ನೊಂದು ವರ್ಷ ಮೆಟ್ಟಿಲಿನ ಮೇಲೆ ಅವಳು ಯಾವುದಕ್ಕೆ ಕಾಯುತ್ತಿದ್ದಳು ಎಂದು ತನಗೆ ಗೊತ್ತಿರಲಿಲ್ಲವಲ್ಲ ಎಂದು ಫೋಟೋದವರಿಗೆ ಆಗ ಹೊಳೆದು, ಬಂದ ಸಿಟ್ಟು ಎಲ್ಲಿಗೋ ಹೋಯಿತು. ಅವರು ಎದ್ದು ಕಪ್ಪುಗಳನ್ನು ತೊಳೆದುಕೊಟ್ಟರು, ಅವಳು ಒರೆಸಿದಳು.

"ನೀನು ನೋಡಿಕೊಂಡು ಬಂದವನು, ನೀನೇ ಹೇಳು," ಎಂದಳು ಅಕ್ಕ, ಕೊನೆಯ ಕಪ್ಪನ್ನು ಕವುಚಿಡುತ್ತ. "ನಾಳೆ ನಾನು ಯಾವ ದೇಶಕ್ಕೆ ಹೊರಡ್ಲಿ? ಬೆಟ್ಟಾನಾ, ಸಮುದ್ರಾನಾ?"

ಜೀವಮಾನದಲ್ಲಿ ಮೊದಲ ಬಾರಿಗೆ ಫೋಟೋದವರನ್ನು ಒಬ್ಬರು ಸಲಹೆ ಕೇಳಿದ್ದರು. ಅವರು ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತು, ವಿಷಯವನ್ನು ಎಲ್ಲ ಕೋನಗಳಿಂದ ಯೋಚಿಸಿ, ಗಂಭೀರವಾಗಿ ಹೇಳಿದರು:

"ಸಮುದ್ರ ಬೇಡ ಅಕ್ಕ. ಹಲ್ಲಿನ ಡಾಕ್ಟರು ಅರ್ಧ ಗಂಟೆಗೆ ಎದ್ದುಬಿಡ್ತಾರೆ. ಬೆಟ್ಟ ಅನ್ನು. ಔಷಧಿ ಅಂಗಡಿಯವರು ಊಟದ ಹೊತ್ತಿನವರೆಗೂ ಕೂರ್ತಾರೆ."