ಬಚ್ಚಲುಮನೆ ಡೆಮೊ

ಭಾನುವಾರ ಬೆಳಿಗ್ಗೆ ಅವಳು ಹಾಲಿನ ಪಾತ್ರೆಯ ತಳ ಉಜ್ಜುತ್ತಿದ್ದಳು. ಹಾಲನ್ನು ತಳ ಹಿಡಿಸಿದವನು ಗಂಡ. ಅದೇ ಗಂಡ ಅಡುಗೆಮನೆ ಬಾಗಿಲಿಗೆ ಬಂದು, ಮೊಬೈಲ್ ನೋಡುತ್ತಲೇ ಹೇಳಿದ:

“ಅಂದ ಹಾಗೆ, ಆ ಡೆಮೊ ಕಳಿಸೋಕೆ ಇವತ್ತು ಸಂಜೆ ಐದು ಗಂಟೆಗೆ ಲಾಸ್ಟು.”

ಉಜ್ಜುತ್ತಿದ್ದ ಕೈ ನಿಂತಿತು. “ಮುಂದಿನ ವಾರ ಅಂದಿದ್ರಲ್ಲ ನೀವು?”

“ಹೋದ ವಾರ ಹೇಳಿದಾಗ ಅದು ಮುಂದಿನ ವಾರಾನೇ ಆಗಿತ್ತು. ಈಗ ಈ ವಾರ ಆಗಿದೆ. ಅದಕ್ಕೆ ನಾನೇನ್ ಮಾಡ್ಲಿ?”

ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವಳು. ವಾರದಲ್ಲಿ ಆರು ದಿನ, ಕೆನ್ನೆ ಊದಿಸಿಕೊಂಡು ಬಂದವರಿಗೆಲ್ಲ “ಕೂತ್ಕೊಳ್ಳಿ, ಈಗ ಕರೀತಾರೆ” ಎಂದು ಮೆತ್ತಗೆ ಸುಳ್ಳು ಹೇಳುವುದು ಕೆಲಸ. ಆರು ದಿನ ನುಂಗಿಕೊಂಡದ್ದನ್ನೆಲ್ಲ ಏಳನೆಯ ದಿನ ಕಿರುಚುವುದನ್ನೇ ಹಾಡೆನ್ನುವ ತನ್ನ ಮೆಟಲ್ ಬ್ಯಾಂಡಿನ ಮುಂದೆ ನಿಂತು ಅಬ್ಬರಿಸಿ ಕಾರುತ್ತಿದ್ದಳು. ಬ್ಯಾಂಡ್ ಎಂದರೆ ಅವಳು, ಒಬ್ಬ ಗಿಟಾರಿನವನು, ಒಬ್ಬ ಡ್ರಮ್ಮಿನವನು. ನಾಲ್ಕು ವರ್ಷದಿಂದ ಯಾವ ಮ್ಯೂಸಿಕ್ ಕಂಪನಿಯೂ ಅವರತ್ತ ಕಣ್ಣೆತ್ತಿ ನೋಡಿರಲಿಲ್ಲ. ಈಗ ಯಾರೋ ಸಂಗೀತೋತ್ಸವದ ಆಯೋಜಕರು, ಮನೆಯಲ್ಲೇ ರೆಕಾರ್ಡ್ ಮಾಡಿದ ಒಂದು ಹಾಡು ಕಳಿಸಿ, ಹಿಡಿಸಿದರೆ ಶನಿವಾರ ವೇದಿಕೆಯ ಮೇಲೆ ಇಪ್ಪತ್ತು ನಿಮಿಷ ಕೊಡುತ್ತೇವೆ ಎಂದಿದ್ದರು. ಇದೂ ಕೈತಪ್ಪಿದರೆ ಬ್ಯಾಂಡ್ ಬಿಟ್ಟು ಈಜು ಕಲಿಯಲು ಹೋಗುತ್ತೇನೆಂದು ಡ್ರಮ್ಮಿನವನು ಹೇಳಿಯಾಗಿತ್ತು. ಗಿಟಾರು, ಡ್ರಮ್ಮು ಎರಡೂ ಮೊದಲೇ ರೆಕಾರ್ಡ್ ಆಗಿದ್ದವು. ಉಳಿದದ್ದು ಅವಳ ಗಂಟಲೊಂದೇ.

ಗಂಡ ಟೈಲ್ಸ್ ಅಂಗಡಿಯ ಸೇಲ್ಸ್‌ಮನ್. ಆ ಅರ್ಹತೆಯ ಮೇಲೆ ರೆಕಾರ್ಡಿಂಗಿನ ಉಸ್ತುವಾರಿಯನ್ನು ತಾನೇ ವಹಿಸಿಕೊಂಡ.

“ಬಚ್ಚಲುಮನೇಲೇ ಹಾಡ್ಬೇಕು. ನಾಲ್ಕೂ ಕಡೆ ಟೈಲ್ಸು! ದೊಡ್ಡ ದೊಡ್ಡ ಸ್ಟುಡಿಯೋದವ್ರಿಗೂ ಈ ಗುಟ್ಟು ಗೊತ್ತಿಲ್ಲ.”

ಮೈಕನ್ನು ಟವೆಲ್ ಹಾಕುವ ಸರಳಿಗೆ ಶೂ ಲೇಸಿನಿಂದ ಬಿಗಿದ. ಅದರ ಮುಖ ಮೇಲಿನ ಗಾಳಿಕಿಂಡಿಯ ಕಡೆಗಿತ್ತು.

“ರೀ, ಅದು ನನ್ನ ಕಡೆ ತಿರುಗಿರ್ಬೇಕಲ್ವಾ?”

“ದನಿ ಹೋಗುವಾಗ ಹಿಡೀಬಾರ್ದು ಕಣೇ. ಗೋಡೆಗೆ ಬಡಿದು ವಾಪಸ್ ಬರ್ತದಲ್ಲ, ಆಗ ಹಿಡೀಬೇಕು.” ಇಂಥ ಮಾತು ಹೇಳುವಾಗ ಅವನ ಮುಖ ಅಂಗಡಿಯಲ್ಲಿಟ್ಟ ಹೊಸ ಕಮೋಡಿನ ಹಾಗೆ ಹೊಳೆಯುತ್ತಿತ್ತು. ಒಳಗೂ ಅಷ್ಟೇ ಖಾಲಿ.

ಆ ಗಾಳಿಕಿಂಡಿಯ ಆಚೆ ಕಟ್ಟಡದ ಎಲ್ಲ ಮಹಡಿಗಳ ಕೊಳಾಯಿಗಳು ಇಳಿಯುವ ಒಂದು ಕಿರಿದಾದ ಬಾವಿಯಂಥ ಸಂದು ಇತ್ತು. ಎಲ್ಲರ ಬಚ್ಚಲಿನ ಕಿಂಡಿಯೂ ಅದಕ್ಕೇ ತೆರೆಯುತ್ತಿತ್ತು. ಧ್ವನಿತಜ್ಞ ಪತಿರಾಯರು ಅತ್ತ ಗಮನ ಹರಿಸಲಿಲ್ಲ. ಬಾಗಿಲಿಗೆ ಹೊರಗಿನಿಂದ ರಜಾಯಿ ಇಳಿಬಿಟ್ಟು, ಲ್ಯಾಪ್‌ಟಾಪ್ ಮುಂದೆ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ಕುಳಿತರು.

ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ಮೊದಲ ಸಾಲನ್ನು ಅಬ್ಬರಿಸಿದಳು. ಅಷ್ಟರಲ್ಲಿ ಮೇಲಿನ ಮನೆಯ ಫ್ಲಶ್ಶು ಘೊಳ್ಳನೆ ಕೊಳಾಯಿಯಲ್ಲಿ ಇಳಿಯಿತು.

“ಬೇಸ್ ಸೌಂಡು ಚೆನ್ನಾಗಿ ಬಂತು!” ಎಂದ ಗಂಡ.

ಎರಡನೆಯ ಸಲ ಅದೇ ಮೇಲಿನ ಮನೆಯಿಂದ ನಿವೃತ್ತ ಡ್ರಿಲ್ ಮೇಷ್ಟ್ರ ದನಿ ಇಳಿಯಿತು. “ಯಾರಮ್ಮ ಅದು? ಹೊಟ್ಟೆನೋವಾ? ಅಂಗಾತ ಮಲಗಿ ಕಾಲು ಮಡಚಮ್ಮ!”

“ಇಲ್ಲ ಸಾರ್, ಹಾಡ್ತಿದೀನಿ!”

“ಹಾಡಾ? ಹಾಗಿದ್ರೆ ಬೆನ್ನು ನೆಟ್ಟಗಿರ್ಲಿ! ಒನ್, ಟೂ, ಒನ್, ಟೂ!” ಮೇಷ್ಟ್ರು ಮುಂದಿನ ಆರು ಪ್ರಯತ್ನಗಳಿಗೂ ಹೀಗೇ ತಾಳ ಎಣಿಸಿಕೊಟ್ಟರು. ಒಂದು ಸಲವೂ ಡ್ರಮ್ಮಿಗೆ ಹೊಂದಲಿಲ್ಲ. ಊಟದ ಹೊತ್ತಾಯಿತೆಂದು ಅವರ ಹೆಂಡತಿ ಕರೆದದ್ದು ಪುಣ್ಯ.

ಆಮೇಲೆ ಬಾಗಿಲು ಸಣ್ಣಗೆ ಬಡಿದ ಸದ್ದು. ಆರು ವರ್ಷದ ಮಗಳು ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದಳು. ಮನೆಗೆ ಇದ್ದದ್ದು ಒಂದೇ ಬಚ್ಚಲು.

“ಬಾ ಪುಟ್ಟಿ.”

“ನೀನು ನೋಡ್ತಿದ್ರೆ ಬರಲ್ಲ ನಂಗೆ.”

ರಣಚಂಡಿಯಾಗಬೇಕಿದ್ದವಳು ಗೋಡೆಗೆ ಮುಖ ಮಾಡಿ ನಿಂತು, ಮಗಳು ಕೂತಲ್ಲಿಂದಲೇ ಹೇಳಿದ ಅರ್ಧ ಕತೆಗೆ ಹೂಂಗುಟ್ಟಿದಳು. ಕಾಲು ತೊಳೆದು, ಒರೆಸಿ, ಹೊರಗೆ ಬಿಟ್ಟು ಮತ್ತೆ ಬಾಗಿಲು ಹಾಕಿಕೊಂಡಳು.

ಹೀಗೆ ಒಂದಲ್ಲ ಒಂದು ವಿಘ್ನದಲ್ಲಿ ನಾಲ್ಕೂವರೆಯಾಯಿತು. ಗಂಟಲು ತುರಿಮಣೆಯಂತಾಗಿತ್ತು. ಇನ್ನೊಂದೇ ಸಲ, ಆದರೆ ಆಯಿತು ಹೋದರೆ ಹೋಯಿತು ಎಂದುಕೊಂಡು ಉಳಿದ ಉಸಿರನ್ನೆಲ್ಲ ಒಟ್ಟುಮಾಡಿ ಹಾಡತೊಡಗಿದಳು.

ಸರಿಯಾಗಿ ಅದೇ ಹೊತ್ತಿಗೆ ಕೆಳಮನೆಯ ಆಂಟಿ ತಲೆಗೆ ಸೋಪು ಹಚ್ಚಿ ನೊರೆ ಎಬ್ಬಿಸುತ್ತಿದ್ದರು. ನೆತ್ತಿಯ ಮೇಲೆ ಆ ಅಬ್ಬರ ಬಿದ್ದದ್ದೇ ತಡ, ಬೆಚ್ಚಿಬಿದ್ದು ಕಣ್ಣು ಬಿಟ್ಟರು.

“ಯಾವಳೇ ಅವಳು! ಕಣ್ಣಿಗೆ ಸೋಪು ಹೋಯ್ತಲ್ಲೇ! ನನ್ನ ಕುರುಡಿ ಮಾಡ್ಬಿಟ್ಯಲ್ಲೇ! ಬೆಳಿಗ್ಗೆಯಿಂದ ತಡ್ಕೊಂಡೆ, ಇನ್ನು ತಡ್ಕೊಳ್ಳಲ್ಲ! ಮೇಲೆ ಬಂದೆ ಅಂದ್ರೆ ಆ ಗಂಟಲು ಕಿತ್ತು ನಲ್ಲಿಗೆ ಕಟ್ತೀನಿ!”

ಆ ದನಿ ಸಂದಿನೊಳಗೆ ಕೊಳಾಯಿಯಿಂದ ಕೊಳಾಯಿಗೆ ಬಡಿಯುತ್ತ, ಹತ್ತರಷ್ಟಾಗಿ ಏರಿ ಬಂದು ನೇರ ಮೈಕಿನ ಬಾಯಿಗೆ ಬಿತ್ತು. ಪೂರಾ ಎರಡು ನಿಮಿಷ. ಇಯರ್‌ಫೋನಿನ ಡ್ರಮ್ಮನ್ನೂ ಮೀರಿ ಅದು ಇವಳಿಗೆ ಕೇಳಿಸಿತು. ಕ್ಲಿನಿಕ್ಕಿನ ಅಭ್ಯಾಸ, ಬಾಯಿ ತಾನಾಗಿಯೇ “ಸಾರಿ ಆಂಟಿ... ಸಾರಿ...” ಎಂದಿತು.

ಹೊರಗೆ ಬಂದಾಗ ಗಂಡ ಬೆರಳು ನೆಕ್ಕುತ್ತಿದ್ದ. “ಕೊನೇದನ್ನೇ ಗಿಟಾರು, ಡ್ರಮ್ಮಿಗೆ ಸೇರಿಸಿ ಕಳಿಸ್ಬಿಟ್ಟೆ. ಅದೇ ಎಲ್ಲಕ್ಕಿಂತ ಉದ್ದ ಇತ್ತು.”

“ಕೇಳಿ ನೋಡಿದ್ರಾ?”

“ಕೇಳ್ತಾ ಕೂರೋಕೆ ಟೈಮೆಲ್ಲಿತ್ತು?”

ಅವಳು ಅಳಲಿಲ್ಲ; ಅಳಲೂ ಗಂಟಲು ಬೇಕಲ್ಲ. ಸಿಂಕಿನಲ್ಲಿ ಉಳಿದಿದ್ದ ಪಾತ್ರೆಗಳನ್ನು ತೊಳೆದಳು.

ಏಳು ಗಂಟೆಗೆ ಫೋನ್ ಬಂತು. ಗಂಡ ಸ್ಪೀಕರಿಗೆ ಹಾಕಿದ.

“ನೀವು ಆಯ್ಕೆಯಾಗಿದ್ದೀರಿ!” ಆಯೋಜಕ ಭಾವಾವೇಶದಲ್ಲಿದ್ದ. “ಎಂಥ ಕಂಠ ಸಾರ್, ನಿಮ್ಮ ಗಾಯಕೀದು! ಇಷ್ಟು ನಿಜವಾದ ಕೋಪ ನಾನು ಕೇಳೇ ಇಲ್ಲ. ‘ಕಣ್ಣಿಗೆ ಸೋಪು ಹೋಯ್ತಲ್ಲೇ’ ಅಂತಾರಲ್ಲ, ಮೈ ಜುಮ್ಮಂತು. ಇಡೀ ಸಮಾಜದ ಕಣ್ಣಿಗೇ ಸೋಪು! ಎಷ್ಟು ಆಳ!”

ಅವಳು ಏನೋ ಹೇಳಲು ಬಾಯಿ ತೆರೆದಳು. ಬರೀ ಗಾಳಿ ಬಂತು.

“ಒಂದೇ ಮಾತು. ದೂರದಲ್ಲಿ ಯಾರೋ ಹಾಡೋ ಥರ ಗೊರಗೊರ ಅಂತಿದಾರೆ, ಅದನ್ನ ತೆಗೀರಿ. ಆ ‘ಸಾರಿ, ಸಾರಿ’ ಅನ್ನೋ ಹುಡುಗಿ ಮಾತ್ರ ಇರ್ಲಿ, ಮುದ್ದಾಗಿದೆ. ಶನಿವಾರ ಅದೇ ಗಾಯಕಿ ಬರ್ಬೇಕು. ಇಲ್ಲಾಂದ್ರೆ ಇಪ್ಪತ್ತು ನಿಮಿಷ ಬೇರೆಯವ್ರಿಗೆ.”

ಫೋನ್ ಇಟ್ಟ ಗಂಡ ಎದೆಯುಬ್ಬಿಸಿದ. “ನೋಡಿದ್ಯಾ? ನಾನು ಹೇಳಿರ್ಲಿಲ್ವಾ, ಟೈಲ್ಸು!”

ಹತ್ತು ನಿಮಿಷದ ಮೇಲೆ ಮೂವರೂ ಕೆಳಮನೆಯ ಬಾಗಿಲಲ್ಲಿದ್ದರು. ಬಾಗಿಲು ತೆರೆಯಿತು. ತಲೆಗೆ ಟವೆಲು, ಟೊಮ್ಯಾಟೊ ಹಣ್ಣಿನಂಥ ಎರಡು ಕಣ್ಣು. ವೇದಿಕೆಗೆ ಬೇರೆ ಅಲಂಕಾರವೇ ಬೇಡ.

“ಏನು?” ಎಂದರು ಆಂಟಿ.

ಗಂಡ ಹೆಂಡತಿಯ ಬೆನ್ನಿನ ಹಿಂದೆ ಸರಿದ. ಅವಳು ಕಷ್ಟಪಟ್ಟು ಪಿಸುಗುಟ್ಟಿದಳು: “ಆಂಟಿ... ಕಣ್ಣು ಹೇಗಿದೆ?”

“ಇನ್ನೂ ಇದೆ. ಅದನ್ನ ಕೇಳೋಕೆ ಮೂರು ಜನ ಬೇಕಾ?”

“ಹಾಗಲ್ಲ ಆಂಟಿ, ಅದೂ... ಶನಿವಾರ...” ಎಂದ ಗಂಡ ಬೆನ್ನ ಹಿಂದಿನಿಂದ.

“ಶನಿವಾರಾನೂ ಕಿರಿಚ್ತೀರಾ?”

ಇಬ್ಬರೂ ಒಟ್ಟಿಗೆ ಚಪ್ಪಲಿ ನೋಡಿಕೊಂಡರು. ಮಗಳು ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, ಕತ್ತೆತ್ತಿ, ಮೂರು ಮಹಡಿಗೂ ಕೇಳುವಂತೆ ಕೇಳಿದಳು:

“ಅಜ್ಜೀ, ಶನಿವಾರ ಸ್ಟೇಜ್ ಮೇಲೆ ನಿಂತ್ಕೊಂಡು ನಮ್ಮಮ್ಮಂಗೆ ಬೈತೀರಾ?”